ಮೆಟ್ಟಿಲ ಬುಡದಲ್ಲಿ ನಡೆದ ಸಮೀಕ್ಷೆ

ವಸತಿ ಸಮುಚ್ಚಯಗಳ ಮುಖ್ಯ ನಿರ್ವಹಣಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಐದು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಬೇಕೆನ್ನುವವರು ಒಬ್ಬರೂ ಇಲ್ಲ ಎಂದು ತಾವು ಕಂಡುಹಿಡಿದಿದ್ದೀರಿ. ಆದ್ದರಿಂದ ಮುಂದಿನ ತಿಂಗಳ ಒಂದನೇ ತಾರೀಕು ಎಲ್ಲ ಮಹಡಿಗಳಲ್ಲೂ ಲಿಫ್ಟಿನ ಬಾಗಿಲಿಗೆ ಇಟ್ಟಿಗೆ ಕಟ್ಟಿ ಶಾಶ್ವತವಾಗಿ ಮುಚ್ಚಲಾಗುವುದು ಎಂದು ನೆಲಮಹಡಿಯ ಗೋಡೆಗೆ ನೋಟಿಸ್ ಅಂಟಿಸಿದ್ದೀರಿ. ಇಟ್ಟಿಗೆಯೂ ಬಂದು ಬಿದ್ದಿದೆ. ನಾಲ್ಕನೇ ಮಹಡಿಯಲ್ಲಿ, ಗಾಲಿಕುರ್ಚಿಯಲ್ಲಿ ಕೂತಿರುವ ನನ್ನ ಅಕ್ಕ ಹನ್ನೊಂದು ತಿಂಗಳಿಂದ ಕೆಳಗಿಳಿದಿಲ್ಲ. ಆ ಗೋಡೆ ಎದ್ದರೆ ಇನ್ನು ಇಳಿಯುವುದೂ ಇಲ್ಲ. ಇದಕ್ಕೆ ಮೊದಲು ತಮಗೆ ನಾಲ್ಕು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ಆದ್ದರಿಂದ ಐದನೆಯದನ್ನು ಊರಿಗೆಲ್ಲ ಕಾಣುವ ಹಾಗೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಮೊದಲು ತಮ್ಮ ಸಮೀಕ್ಷೆಯ ವಿಚಾರ. ತಾವು ಕಳಿಸಿದ ಸಮೀಕ್ಷಕರು ಬಹಳ ಸಭ್ಯ ಮನುಷ್ಯ, ಅವರ ಮೇಲೆ ನನ್ನದೇನೂ ದೂರಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದರು, ಕಾವಲುಗಾರನ ಕುರ್ಚಿ ಕೇಳಿ ಪಡೆದರು, ಅದನ್ನು ಮೆಟ್ಟಿಲ ಬುಡದಲ್ಲಿ ಹಾಕಿಕೊಂಡು ಸಂಜೆ ಐದರವರೆಗೆ ಕೂತರು. ಮೆಟ್ಟಿಲಿಳಿದು ಬಂದ ಒಬ್ಬೊಬ್ಬರನ್ನೂ ನಿಲ್ಲಿಸಿ, "ಮೆಟ್ಟಿಲು ಇಳಿಯೋದ್ರಲ್ಲಿ ನಿಮಗೇನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದರು. ಇನ್ನೂರ ಹದಿನಾಲ್ಕು ಜನರಲ್ಲಿ ಇನ್ನೂರ ಒಂಬತ್ತು ಜನ "ತೊಂದರೆ ಇಲ್ಲ" ಎಂದರು. ಉಳಿದ ಐವರು ಮಂಡಿ ಸ್ವಲ್ಪ ನೋಯುತ್ತದೆ ಎಂದರು. ಇಳಿಯಲು ಸಾಧ್ಯವೇ ಇಲ್ಲ ಎಂದವರ ಸಂಖ್ಯೆ ಸೊನ್ನೆ. ಆ ಸೊನ್ನೆಯ ಕೆಳಗೆ ತಾವು ಎರಡು ಗೆರೆ ಎಳೆದಿದ್ದೀರಿ. ವರದಿಯ ಪ್ರತಿ ನನ್ನ ಹತ್ತಿರ ಇದೆ.

ಸ್ವಾಮಿ, ಇಳಿಯಲಾಗದವರು ಇಳಿದು ಬಂದು ಇಳಿಯಲಾಗುವುದಿಲ್ಲ ಎಂದು ಹೇಳುವುದು ಹೇಗೆ? ನಾನು ಇಪ್ಪತ್ತೆರಡು ವರ್ಷದಿಂದ ಪ್ರಾಥಮಿಕ ಶಾಲೆಯ ಶಿಕ್ಷಕಿ. ದಿನವೂ ಬೆಳಿಗ್ಗೆ ಹಾಜರಿ ಪುಸ್ತಕ ತೆಗೆಯುತ್ತೇನೆ. ಅದರಲ್ಲಿ ಬಂದವರ ಹೆಸರೂ ಇರುತ್ತದೆ, ಬಾರದವರ ಹೆಸರೂ ಇರುತ್ತದೆ. ಹೆಸರು ಕರೆದಾಗ "ಬಂದೆ ಟೀಚರ್" ಎಂಬ ಸದ್ದು ಬಾರದಿದ್ದರೆ ನನ್ನ ಕೈ ನಿಲ್ಲುತ್ತದೆ. ಮಗುವಿಗೆ ಜ್ವರವೋ, ಮನೆಯಲ್ಲಿ ಜಗಳವೋ, ತಿಳಿದುಕೊಳ್ಳದೆ ಮುಂದೆ ಹೋಗುವುದಿಲ್ಲ. ಇದರ ಬದಲು ತರಗತಿಯಲ್ಲಿ ನಿಂತು, "ಇವತ್ತು ಬಂದಿಲ್ಲದವರು ಕೈ ಎತ್ತಿ" ಎಂದು ಕೇಳಿ, ಯಾರೂ ಎತ್ತಲಿಲ್ಲವೆಂದು ಪೂರ್ಣ ಹಾಜರಿ ಬರೆದಿದ್ದರೆ ಮಕ್ಕಳೇ ಬಿದ್ದು ಬಿದ್ದು ನಗುತ್ತಿದ್ದರು. ಮುಖ್ಯೋಪಾಧ್ಯಾಯರು ನನ್ನನ್ನು ಮನೆಗೆ ಕಳಿಸುತ್ತಿದ್ದರು. ತಮ್ಮ ಇಲಾಖೆಯಲ್ಲಿ ಅದೇ ಕೆಲಸಕ್ಕೆ ಸಮೀಕ್ಷೆ ಎಂಬ ಹೆಸರಿದೆ, ಕೆಳಗೆ ತಮ್ಮ ಮೊಹರೂ ಇದೆ.

ಇನ್ನು ತಮ್ಮ ಲೆಕ್ಕಕ್ಕೆ ಸಿಗದ ನನ್ನ ಅಕ್ಕನ ವಿಷಯ. ಅವಳು ದರ್ಜಿ. ನೆಲಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಕಿರುಕೋಣೆಯಲ್ಲಿ ಹದಿನಾರು ವರ್ಷ ಅಂಗಡಿ ನಡೆಸಿದವಳು. ಈ ಕಟ್ಟಡದ ಅರ್ಧ ಜನ ತೊಟ್ಟಿರುವ ಬಟ್ಟೆಗೆ ಅವಳ ಕೈ ತಾಗಿದೆ. ಮೂರು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿಯಿತು, ಸರಿಯಾಗಿ ಕೂಡಲಿಲ್ಲ. ಅವಳೇನೂ ಮೂಲೆ ಹಿಡಿಯಲಿಲ್ಲ. ಕಾಲಲ್ಲಿ ತುಳಿಯುವ ಯಂತ್ರ ಬಿಟ್ಟು ಕೈಯಿಂದಲೇ ಒತ್ತಿ ನಡೆಸುವ ಮೋಟಾರಿನದು ಹಾಕಿಸಿಕೊಂಡಳು. ದಿನಾ ಒಂಬತ್ತೂವರೆಗೆ ಗಾಲಿಕುರ್ಚಿಯಲ್ಲಿ ಲಿಫ್ಟ್ ಹತ್ತಿ ಅಂಗಡಿಗೆ ಹೋಗುತ್ತಿದ್ದಳು. ಕತ್ತಿನಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ, ಆದರೂ ಮಾತಿಗೆ ಮಾತ್ರ ಬಿಡುವಿಲ್ಲ. ಆಮೇಲೆ ತಮ್ಮವರು ಬಂದು, ಹದಿನೈದು ದಿನದ ದುರಸ್ತಿ ಎಂದು ಹೇಳಿ ಲಿಫ್ಟಿನ ಮೋಟಾರು ಬಿಚ್ಚಿಕೊಂಡು ಹೋದರು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ.

ಮೊದಲ ತಿಂಗಳು ಪಕ್ಕದ ಮನೆಯ ಬಡಗಿಯೂ ಅವರ ತಮ್ಮನೂ ಅಕ್ಕನನ್ನು ಕುರ್ಚಿ ಸಮೇತ ಎತ್ತಿ ಇಳಿಸುತ್ತಿದ್ದರು. ಒಂದು ದಿನ ಎರಡನೇ ಮಹಡಿಯ ತಿರುವಿನಲ್ಲಿ ತಮ್ಮನ ಕಾಲು ಜಾರಿತು. ಕುರ್ಚಿ ಮುಂದಕ್ಕೆ ವಾಲಿತು. ಬಡಗಿ ಬೆನ್ನು ಗೋಡೆಗೆ ಕೊಟ್ಟು ಹಿಡಿದುಕೊಳ್ಳದಿದ್ದರೆ ಅಕ್ಕ ಹನ್ನೆರಡು ಮೆಟ್ಟಿಲು ತಲೆಕೆಳಗಾಗಿ ಹೋಗುತ್ತಿದ್ದಳು. ನಾನು ಹಿಂದೆಯೇ ಇದ್ದೆ. ಅಕ್ಕ ಕಿರುಚಲಿಲ್ಲ. ಬಡಗಿಯ ಮುಖ ನೋಡಿ, "ಸಾಕಪ್ಪಾ, ನನ್ನ ಸಲುವಾಗಿ ನೀವ್ಯಾಕೆ ಸಾಯ್ತೀರಾ. ವಾಪಸ್ ಮೇಲೆ ಕರ್ಕೊಂಡು ಹೋಗಿ" ಅಂದಳು. ಅಂದು ಹತ್ತಿದವಳು ಮತ್ತೆ ಇಳಿದಿಲ್ಲ. ಅಳತೆ ಕೊಡಲು ನಾಲ್ಕು ಮಹಡಿ ಹತ್ತಿ ಬರುತ್ತಿದ್ದ ಇಬ್ಬರು ಮೂವರೂ ಆಮೇಲೆ ಬರುವುದು ಬಿಟ್ಟರು. ಅವರನ್ನು ಬೈದು ಏನು ಪ್ರಯೋಜನ?

ಈಗ ಎರಡು ಕೋಣೆ, ಒಂದು ಕಿಟಕಿ. ನಾನು ಶಾಲೆಗೆ ಹೊರಟಾಗ ಅಕ್ಕ ಕಿಟಕಿಯ ಹತ್ತಿರ ಇರುತ್ತಾಳೆ, ಬಂದಾಗಲೂ ಅಲ್ಲೇ ಇರುತ್ತಾಳೆ. ಸಣ್ಣದಕ್ಕೂ ಜಗಳ. ಚೊಂಬು ಇಟ್ಟ ಜಾಗಕ್ಕೆ, ನಾನು ಚಪ್ಪಲಿ ಬಿಟ್ಟ ಸದ್ದಿಗೆ. ಒಂದು ದಿನ ನನಗೂ ರೇಗಿ, "ನಾನೇನು ಮಾಡಿದೆ ಅಂತ ಹೀಗೆ ಹರಿಹಾಯ್ತೀಯ?" ಅಂದೆ. ಅಕ್ಕ ಹೇಳಿದಳು: "ನೀನು ಹೊರಗಿಂದ ಬಂದಾಗ ನಿನ್ನ ಮೈಯಿಂದ ಬಿಸಿಲಿನ ವಾಸನೆ ಬರುತ್ತೆ ಕಣೆ. ಅದಕ್ಕೇ ನನಗೆ ಸಿಟ್ಟು." ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ನಿಜ ಹೇಳಬೇಕೆಂದರೆ ಶಾಲೆಯಿಂದ ಬಂದು ಆ ಮೆಟ್ಟಿಲು ಹತ್ತುವಾಗ ನನಗೂ ಉಸಿರು ಕಟ್ಟುತ್ತದೆ. ನೆಂಟರ ಮನೆಗೆ ಹೋಗುವುದು ಬಿಟ್ಟಿದ್ದೇನೆ. ಬೀಗ ಹಾಕಿದ್ದು ಅವಳಿಗೆ, ಅದರೊಳಗೆ ನಾನೂ ಇದ್ದೇನೆ. ನೆಲಮಹಡಿಯ ಮನೆ ಕೊಡಿ ಎಂದು ಕೇಳಿದ್ದಕ್ಕೆ ನಮ್ಮ ಹೆಸರು ಪಟ್ಟಿಯಲ್ಲಿದೆಯಂತೆ. ಆ ಪಟ್ಟಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ.

ದೂರು ಕೊಡಬೇಕಿತ್ತು ಎನ್ನುತ್ತೀರಾ? ಕೊಡಲು ಹೋಗಿದ್ದೆ. ತಮ್ಮ ದೂರು ವಿಭಾಗ ಎರಡನೇ ಮಹಡಿಯಲ್ಲಿದೆ, ಅಲ್ಲೂ ಲಿಫ್ಟ್ ಇಲ್ಲ. ಗುಮಾಸ್ತರು ಅರ್ಜಿ ತಿರುವಿ ಹಾಕಿ, "ಬಾಧಿತ ವ್ಯಕ್ತಿ ಖುದ್ದಾಗಿ ಬಂದು ಸಹಿ ಹಾಕ್ಬೇಕು ಮೇಡಂ" ಅಂದರು.

"ಅವರಿಗೆ ಮನೆಯಿಂದ ಇಳಿಯೋಕಾಗಲ್ಲ ಅಂತಲೇ ಸಾರ್ ಈ ದೂರು."

"ಅದನ್ನೇ ನಾನೂ ಹೇಳ್ತಿರೋದು. ಇಳಿಯೋಕಾಗಲ್ಲ ಅಂತ ಅವರೇ ಬಂದು ಹೇಳ್ಲಿ."

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ನಿಯಮದ ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಈ ವರ್ಷ ತಮ್ಮ ಕಚೇರಿಗೆ ಮೆಟ್ಟಿಲು ಹತ್ತಲಾರದವರಿಂದ ಬಂದ ದೂರುಗಳು ಎಷ್ಟು ಎಂದು ಅದೇ ಗುಮಾಸ್ತರನ್ನು ಕೇಳಿದೆ. "ಒಂದೂ ಇಲ್ಲ ಮೇಡಂ, ಈ ವಿಷಯದಲ್ಲಿ ಜನ ತೃಪ್ತರಾಗಿದ್ದಾರೆ" ಎಂದು ಹೆಮ್ಮೆಯಿಂದ ಹೇಳಿದರು.

ಐದನೇ ಮಹಡಿಯಲ್ಲಿ ಒಬ್ಬ ನಿವೃತ್ತ ಅಂಚೆಯವರಿದ್ದರು, ಒಂಟಿ ಜೀವ. ನಾವೆಲ್ಲ ಅಂಚೆ ತಾತ ಎನ್ನುತ್ತಿದ್ದೆವು. ನಮ್ಮ ನೆತ್ತಿಯ ಮೇಲೇ ಅವರ ಮನೆ. ಲಿಫ್ಟ್ ನಿಂತ ಮೇಲೆ ಅವರೂ ಮನೆಯೊಳಗೇ ಕೋಲೂರಿಕೊಂಡು ಓಡಾಡುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕ ನನ್ನನ್ನು ತಡೆದು, "ನಿನ್ನೆ ಮಧ್ಯಾಹ್ನದಿಂದ ಮೇಲೆ ಕೋಲಿನ ಸದ್ದಿಲ್ಲ ಕಣೆ. ಹೋಗಿ ನೋಡು" ಅಂದಳು. ಶಾಲೆಗೆ ಹೊತ್ತಾಯಿತು ಎಂದು ನಾನು ಗೊಣಗಿದೆ. "ಹೋಗು ಅಂದ್ರೆ ಹೋಗು!" ಎಂದು ಗದರಿದಳು. ಬಡಗಿಯನ್ನು ಕರೆದು ಬಾಗಿಲು ಒಡೆಸಿದರೆ, ತಾತ ಬಚ್ಚಲಲ್ಲಿ ಬಿದ್ದಿದ್ದಾರೆ. ಉಸಿರಿತ್ತು. ನಾಲ್ಕು ಜನ ಹೊದಿಕೆಯಲ್ಲಿ ಹೊತ್ತು ಇಳಿಸಿದರು. ಬದುಕಿಕೊಂಡರು, ಈಗ ಮಗಳ ಮನೆಯಲ್ಲಿದ್ದಾರೆ. ತಮ್ಮ ವರದಿಯಲ್ಲಿ ಆ ಮನೆಯ ಮುಂದೆ 'ಖಾಲಿ' ಎಂದಿದೆ, ನಮ್ಮ ಮನೆಯ ಮುಂದೆ 'ದೂರು ಇಲ್ಲ' ಎಂದಿದೆ. ಮೆಟ್ಟಿಲು ಇಳಿಯಲಾಗದವರು ಮನೆ ಬಿಟ್ಟು ಹೋದರೂ ತಮಗೆ ಅನುಕೂಲ, ಒಳಗೇ ಉಳಿದರೂ ತಮಗೆ ಅನುಕೂಲ! ಕುರ್ಚಿ ಬಿಟ್ಟು ಏಳಲಾಗದ ನನ್ನ ಅಕ್ಕನಿಗೆ ಕೇಳದ ಸದ್ದೊಂದು ಕೇಳಿಸಿತು. ಎರಡು ಕಾಲಿರುವ ತಮ್ಮ ಇಡೀ ಇಲಾಖೆಗೆ ಏನಾಗಿದೆ?

ಇಷ್ಟು ಬರೆದ ಮೇಲೆ ನಾನು ನನ್ನದನ್ನೂ ಹೇಳಬೇಕು. ಹೇಳದಿದ್ದರೆ ತಮ್ಮನ್ನು ಬೈಯಲು ನನಗೆ ಮುಖವಿಲ್ಲ. ಸಮೀಕ್ಷೆಯ ಬೆಳಿಗ್ಗೆ ನಾನೂ ಆ ಮೆಟ್ಟಿಲು ಇಳಿದೆ. ಎಂಟೂ ಇಪ್ಪತ್ತಾಗಿತ್ತು, ಶಾಲೆಯ ಗಂಟೆ ಹೊಡೆಯಲು ಹತ್ತೇ ನಿಮಿಷ. ಸಮೀಕ್ಷಕರು ಎದ್ದು ನಿಂತು ಕೇಳಿದರು. "ನನಗಾ? ಇಲ್ಲಪ್ಪ, ತೊಂದರೆ ಏನಿಲ್ಲ" ಎಂದು ಹೇಳಿ, ಅವರು ಚಾಚಿದ ಹಾಳೆಯಲ್ಲಿ ಸಹಿ ಹಾಕಿ ಓಡಿದೆ. ನನ್ನ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಆ ಹೊತ್ತು ಅಕ್ಕ ನನ್ನ ನೆನಪಿಗೇ ಬರಲಿಲ್ಲ. ಅವಳ ತಲೆ ಬಾಚಿ ಬಂದು ಐದು ನಿಮಿಷವೂ ಆಗಿರಲಿಲ್ಲ. ಸಂಜೆ ಅಕ್ಕ ಕೇಳಿದಳು: "ಯಾರೋ ಕೆಳಗೆ ಕೂತು ಎಲ್ಲರನ್ನೂ ವಿಚಾರಿಸ್ತಿದ್ರಂತೆ. ನೀನು ನನ್ನ ವಿಷಯ ಹೇಳಿದ್ಯಾ?" ನನ್ನನ್ನು ಕೇಳಲೇ ಇಲ್ಲ ಅಂದೆ. ಅದು ಸುಳ್ಳು. ನೋಟಿಸ್ ಬಂದಿದೆ ಎಂದೂ ನಾನು ಇನ್ನೂ ಅವಳಿಗೆ ಹೇಳಿಲ್ಲ.

ಆದ್ದರಿಂದ ತಾವು ಮಾಡಬೇಕಾದ್ದು ಇಷ್ಟು. ಒಂದನೇ ತಾರೀಕಿನ ಗೋಡೆ ನಿಲ್ಲಿಸಿ. ಬಿಚ್ಚಿಕೊಂಡು ಹೋದ ಮೋಟಾರನ್ನು ತಂದು ಕೂರಿಸಿ. ಹೊಸದಾಗಿ ವಿಚಾರಿಸುವುದಾದರೆ ಕುರ್ಚಿಯನ್ನು ಕೆಳಗೆ ಹಾಕಬೇಡಿ, ಬಾಗಿಲು ಬಾಗಿಲಿಗೆ ಹೋಗಿ ತಟ್ಟಿ. ತೆಗೆಯಲು ತಡವಾದರೆ ಸ್ವಲ್ಪ ಕಾಯಿರಿ, ಒಳಗಿರುವವರಿಗೆ ಬಾಗಿಲವರೆಗೆ ಬರಲು ಹೊತ್ತು ಹಿಡಿಯುತ್ತದೆ. ನನ್ನ ಸಹಿಯನ್ನು ಆ ಹಾಳೆಯಿಂದ ಹೊಡೆದು ಹಾಕಿ.

ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ಅಕ್ಕ ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾಳೆ, ಅಷ್ಟು ಪುರುಸೊತ್ತನ್ನು ತಾವೇ ಅವಳಿಗೆ ಕೊಟ್ಟಿದ್ದೀರಿ. ಇದು ಅಚ್ಚಾದ ದಿನ ಸಂಜೆ ನಾನು ನಾಲ್ಕು ಮಹಡಿ ಹತ್ತಿ ಅವಳ ಮುಂದೆ ನಿಲ್ಲಬೇಕು. ತಾವೂ ಬನ್ನಿ. ಒಬ್ಬಳೇ ಹೋಗಲು ನನಗೆ ಧೈರ್ಯವಿಲ್ಲ.

ಇಂತಿ,
ತಮ್ಮ ಹಾಳೆಯ ಮೂವತ್ತೊಂದನೆಯ 'ತೊಂದರೆ ಇಲ್ಲ'