ಬಿಳಿ ಗಾಡಿ, ಅವ್ವ ಸಹಿತ

ಬ್ಯಾಡಗಿ,
ಡಿಸೆಂಬರ್ 11, 2009

ಪ್ರೀತಿಯ ನೀಲಾಳಿಗೆ,

ನಿನ್ನ ಅಕ್ಕ ನಿರ್ಮಲಾ ಬರೆಯುತ್ತಿರುವುದು. ನಾವೆಲ್ಲ ಆರಾಮ ಇದ್ದೇವೆ ಎಂಬ ಸಾಲು ಬರೆಯಲು ಕೈ ಏಳಲಿಲ್ಲ, ಅದಕ್ಕೆ ಬಿಟ್ಟಿದ್ದೇನೆ. ಒಂದೇ ಮನೆಗೆ ಸೊಸೆಯರಾಗಿ ಬಂದ ನಾವಿಬ್ಬರು ಒಬ್ಬರಿಗೊಬ್ಬರು ಪತ್ರ ಬರೆಯುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರ ಬಾಯಿಗೆ ಒಂದು ಹಿಡಿ ಖಾರಪುಡಿ ಹಾಕುತ್ತಿದ್ದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ‘ಅಕ್ಕಾ, ಕುಕ್ಕರ್ ಸೀಟಿ ಹೊಡಿಯಾಕತ್ತೈತಿ’ ಎಂದು ಇಟ್ಟುಬಿಡುತ್ತೀ. ಎಂಟು ತಿಂಗಳಿಂದ ನಿನ್ನ ಕುಕ್ಕರ್ ಸೀಟಿ ಹೊಡೆಯುತ್ತಲೇ ಇದೆ. ಅದರೊಳಗೆ ಏನು ಬೇಯಿಸುತ್ತೀಯೋ ನಿನಗೇ ಗೊತ್ತು.

ಈ ಪತ್ರ ತಂದವನು ನಮ್ಮ ಡ್ರೈವರ್ ಯೂಸುಫಸಾಬ. ಹೊರಗೆ ಬಂದು ನೋಡು, ನಿಮ್ಮ ರಾಣೆಬೆನ್ನೂರಿನ ಮನೆಯ ಮುಂದೆ ಕರಿ ಗಾಡಿ ನಿಂತಿದೆ. ಯಾಕೆ ನಿಂತಿದೆ ಎಂದು ಹೇಳುವ ಮೊದಲು ಹಳೆಯ ಮಾತು ಸ್ವಲ್ಪ ಬರೆಯಬೇಕು. ಗೊತ್ತಿದ್ದದ್ದನ್ನೇ ಮತ್ತೆ ಬರೆದಿದ್ದಾಳೆ ಎಂದು ಪತ್ರ ಮಡಚಿ ಇಡಬೇಡ. ನಿನಗೆ ಗೊತ್ತಿದ್ದದ್ದು ಅರ್ಧ ಮಾತ್ರ.

ಯುಗಾದಿ ಮುಗಿದ ಮರುವಾರ ಅಣ್ಣತಮ್ಮಂದಿರು ಆಸ್ತಿಯ ವಾಟ್ನಿಗೆ ಕುಳಿತರಲ್ಲ, ಅದಕ್ಕೆ ಈ ಮನೆತನದ ಒಂದು ಕಟ್ಟಳೆ ಇದೆ. ಹಿರಿಯವನು ಆಸ್ತಿಯನ್ನು ಎರಡು ಪಾಲು ಮಾಡಿ ಹಾಳೆಯ ಮೇಲೆ ಬರೆಯಬೇಕು, ಕಿರಿಯವನು ತನಗೆ ಬೇಕಾದ ಪಾಲು ಮೊದಲು ಎತ್ತಿಕೊಳ್ಳಬೇಕು. ಹಿರಿಯವನು ಮೋಸ ಮಾಡಿದರೆ ಉಳಿದ ಕೆಟ್ಟ ಪಾಲು ಅವನಿಗೇ ಬರುತ್ತದೆ ಎಂದು ಹಿಂದಿನವರು ಲೆಕ್ಕ ಹಾಕಿದ್ದರು. ಪಾಪ, ಅವರಿಗೆ ನನ್ನ ಗಂಡನ, ಅಂದರೆ ನಿಮ್ಮ ಭಾವನ ಪರಿಚಯವಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿ ಒಂದು ಕಡೆ, ರಾಣೆಬೆನ್ನೂರಿನ ಬೀಜದಂಗಡಿ ಒಂದು ಕಡೆ, ಎರಡೂ ಊರಿನಲ್ಲಿ ಒಂದೊಂದು ಮನೆ. ಇದರಲ್ಲಿ ಯಾರಿಗೂ ತಂಟೆ ಇರಲಿಲ್ಲ. ತಂಟೆ ಇದ್ದದ್ದು ಎರಡು ಗಾಡಿಗಳದ್ದು.

ಜಪಾನಿನ ಬಿಳಿ ಗಾಡಿ ಮೊದಲು ಬಂತು, ಹುಬ್ಬಳ್ಳಿಯ ಶೋರೂಮಿನಿಂದ. ಎರಡು ವರ್ಷದ ಮೇಲೆ ಜರ್ಮನಿಯ ಕರಿ ಗಾಡಿ ಬಂತು, ಪುಣೆಯ ಮಸಾಲೆ ವ್ಯಾಪಾರಿಯೊಬ್ಬರ ಕೈಯಿಂದ. ಅದನ್ನು ಅಲ್ಲಿಂದ ಇಲ್ಲಿಯವರೆಗೆ ಓಡಿಸಿಕೊಂಡು ಬಂದವನು ನಿನ್ನ ವಿಜಯ. ಆವತ್ತು ಅವನ ಮುಖ ನೋಡಬೇಕಿತ್ತು, ಮದುವೆಯ ದಿನವೂ ಅಷ್ಟು ಹಿಗ್ಗಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನಮ್ಮವರಿಗೂ ಕಣ್ಣು ಅದರ ಮೇಲೇ. ಇಬ್ಬರಿಗೂ ಕರಿಯದೇ ಬೇಕು, ಮೊದಲು ಎತ್ತುವವನು ವಿಜಯ. ಹಾಗಾಗಿ ನಿಮ್ಮ ಭಾವ ನನ್ನನ್ನು ಕರೆದು ಹೇಳಿದರು, ‘ನೀ ನೀಲಾನ ಮುಂದ ಬಿಳಿ ಗಾಡಿ ಹೊಗಳು. ಆಕಿ ಮಾತು ವಿಜಯ ಮೀರಂಗಿಲ್ಲ, ನಿನ್ನ ಮಾತು ಆಕಿ ಮೀರಂಗಿಲ್ಲ.’ ಖರೆ ಹೇಳಬೇಕೆಂದರೆ ಆ ಮಾತಿಗೆ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ವರ್ಷದ ಖಾರಪುಡಿಗೆಂದು ಪಡಸಾಲೆಯಲ್ಲಿ ಕುಳಿತು ಇಬ್ಬರೂ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆವು, ನೆನಪಿದೆಯಾ? ಶುರು ಮಾಡಿದೆ ನಾನು. ಕರಿ ಗಾಡಿಗೆ ಸ್ಟೆಪ್ನಿಯೇ ಇಲ್ಲ ಎಂದೆ. ಟಾಯರ್ ಪಂಕ್ಚರಾದರೂ ಒಂದಿಷ್ಟು ದೂರ ಓಡುತ್ತದಂತೆ, ಆದರೆ ಆಮೇಲೆ ಬೆಂಗಳೂರಿನವರು ಬರಬೇಕು. ಬಿಳಿ ಗಾಡಿಯಾದರೆ ಹುಬ್ಬಳ್ಳಿಗೆ ಬೆಳಿಗ್ಗೆ ಕೊಟ್ಟು ಸಂಜೆ ತರಬಹುದು. ಕರಿ ಗಾಡಿಯ ಹಿಂದಿನ ಸೀಟಿನ ನಡುವೆ ದಿಮ್ಮಿಯ ಹಾಗೆ ಒಂದು ಉಬ್ಬು, ಮೂರನೆಯವರು ಕಾಲು ಎಲ್ಲಿಡಬೇಕು? ಬಿಳಿಯದರಲ್ಲಿ ನೆಲ ಸಪಾಟು, ಮಧ್ಯದವರೂ ಮನುಷ್ಯರಂತೆ ಕೂರಬಹುದು. ಡಿಕ್ಕಿಯಲ್ಲಿ ಎರಡು ಚೀಲ ಹೆಚ್ಚಿಗೆ ಹಿಡಿಯುತ್ತದೆ. ಇನ್ನು ಕರಿ ಗಾಡಿಯ ಸೊಗಸು ಏನೆಂದರೆ, ಮೆಣಸಿನಕಾಯಿ ದಲಾಲರ ಗಾಡಿಯಲ್ಲಿ ಮೆಣಸಿನಕಾಯಿಗೇ ಜಾಗವಿಲ್ಲ. ಸ್ಯಾಂಪಲ್ ಪೊಟ್ಟಣ ಒಳಗಿಟ್ಟರೆ ಚರ್ಮದ ಸೀಟಿಗೆ ಘಾಟು ಹಿಡಿಯುತ್ತದೆ ಎಂದು ನಿಮ್ಮ ಭಾವ ಕೂಗಾಡುತ್ತಿದ್ದರು. ನಮ್ಮ ಅತ್ತೆ, ಅವ್ವ, ಮೊದಲ ದಿನವೇ ‘ದನದ ಚರ್ಮದ ಮ್ಯಾಲೆ ನಾ ಕುಂದ್ರಂಗಿಲ್ಲ’ ಎಂದು ಕೌದಿ ಮಡಚಿ ಹಾಸಿಕೊಂಡೇ ಕುಳಿತಿದ್ದರು.

ಕೊನೆಗೆ ಅವ್ವನ ಮೊಣಕಾಲಿನ ಮಾತು ತೆಗೆದೆ. ಕರಿ ಗಾಡಿಗೆ ತಲೆ ಬಗ್ಗಿಸಿ, ಕಾಲು ಮಡಚಿ ಒಳಗಿಳಿಯಬೇಕು. ಬಿಳಿ ಗಾಡಿಯ ಸೀಟು ಸರಿಯಾಗಿ ಸೊಂಟದ ಮಟ್ಟಕ್ಕೆ ಇದೆ. ಅವ್ವ ಹತ್ತುವುದೂ ಬೇಡ, ಇಳಿಯುವುದೂ ಬೇಡ, ಸುಮ್ಮನೆ ಬೆನ್ನು ತಿರುಗಿಸಿ ಕುಳಿತರೆ ಆಯಿತು. ನೀನು ಕೈಯಲ್ಲಿನ ಮೆಣಸಿನಕಾಯಿ ಕೆಳಗಿಟ್ಟು ‘ಹೌದs ಅಕ್ಕಾ, ಇದನ್ನ ನಾ ವಿಚಾರನs ಮಾಡಿರಲಿಲ್ಲ’ ಎಂದೆ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ನೀಲಾ. ಇವತ್ತಿಗೂ ಯಾರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ, ಎರಡರಲ್ಲಿ ಬಿಳಿಯದೇ ಒಳ್ಳೆಯ ಗಾಡಿ. ಅಷ್ಟು ಒಳ್ಳೆಯದನ್ನು ನಾವೇಕೆ ಬಿಟ್ಟುಕೊಡುತ್ತಿದ್ದೇವೆ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮರುದಿನ ಹಿರಿಯರೆಂದು ಬಂದ ಜಟ್ಟೆಪ್ಪ ಕಾಕಾ ಹಾಳೆ ಓದಿದರು. ಬೀಜದಂಗಡಿ, ಗೋದಾಮು ಸಹಿತ. ರಾಣೆಬೆನ್ನೂರಿನ ಮನೆ, ಹಿತ್ತಲ ಸಹಿತ. ಬಿಳಿ ಗಾಡಿ, ಅವ್ವ ಸಹಿತ. ಕಾಕಾ ಅಲ್ಲಿ ಕನ್ನಡಕ ಮೇಲೆತ್ತಿ, ‘ಸೋಮಣ್ಣ, ಅವ್ವನ್ನೂ ಗಾಡಿ ಸಂಗತಿ ಕೊಟ್ಟಿ ಏನಪಾ?’ ಎಂದು ನಕ್ಕರು. ಎಲ್ಲರೂ ನಕ್ಕರು. ಅವ್ವನೂ ನಕ್ಕರು. ನೀನು ಮಾತ್ರ ನಗಲಿಲ್ಲ, ನನ್ನನ್ನು ನೋಡಿದೆ. ನಾನು ಆ ಹಾಳೆ ಬರೆಯುವಾಗ ಅಡುಗೆಮನೆಯಲ್ಲಿದ್ದೆ, ಕಾಕಾ ಓದಿದಾಗಲೇ ನನಗೂ ಗೊತ್ತಾದದ್ದು. ವಿಜಯ ಆ ಪಾಲು ಎತ್ತಿದ. ನೀನು ಹೇಳಿದ್ದಿ, ಅವನು ಮೀರಲಿಲ್ಲ.

ನಿಮ್ಮ ಭಾವನ ಮೇಲೆ ಆವತ್ತಿನಿಂದ ನಿನಗಿರುವ ಸಿಟ್ಟು ನ್ಯಾಯದ್ದೇ. ಒಂದು ಗಾಡಿಯ ಆಸೆಗೆ ಹೆತ್ತವಳನ್ನು ಸರಂಜಾಮಿನ ಪಟ್ಟಿಗೆ ಸೇರಿಸಿದ ಮನುಷ್ಯ. ಈಗ ದಿನಾ ಬೆಳಿಗ್ಗೆ ಆ ಗಾಡಿಯನ್ನು ತಾವೇ ಒರೆಸುತ್ತಾರೆ, ಯೂಸುಫಸಾಬನಿಗೂ ಮುಟ್ಟಲು ಕೊಡುವುದಿಲ್ಲ. ಮೇಲಿನ ಗಾಜು ತೆರೆದರೆ ಆಕಾಶ ಕಾಣುತ್ತದೆ ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಬ್ಯಾಡಗಿಯಲ್ಲಿ ಗಾಡಿ ಇಲ್ಲದವರಿಗೆ ಆಕಾಶ ಕಾಣುವುದಿಲ್ಲವೇನೋ!

ಇನ್ನು ಕಳೆದ ತಿಂಗಳ ಮಾತು. ಅವ್ವನ ತಮ್ಮನ ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ಎರಡೂ ಮನೆಯವರು ಗಳಗನಾಥಕ್ಕೆ ಹೊರಟಿದ್ದೆವು, ನಾವು ಹಾವೇರಿ ಕಡೆಯಿಂದ, ನೀವು ರಾಣೆಬೆನ್ನೂರಿನಿಂದ. ಗುತ್ತಲ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಟಾಯರ್ ಒಂದು ಮಾರೂ ಓಡಲಾಗದಷ್ಟು ಸೀಳಿತು. ನಾನೇ ಹೇಳಿದ್ದ ಮಾತು ನನ್ನ ಕಾಲಿಗೇ ತೊಡರಿತು. ಸ್ಟೆಪ್ನಿ ಇಲ್ಲ. ನಿಮ್ಮ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಜೋಳದ ಹೊಲದ ಬದುವಿನ ಮೇಲೆ ನಿಂತು ಬೆಂಗಳೂರಿಗೆ ಫೋನು ಮಾಡುತ್ತಿದ್ದರು. ಹಾದುಹೋಗುವ ಪ್ರತಿ ಟ್ರ್ಯಾಕ್ಟರಿನವನೂ ನಿಲ್ಲಿಸಿ, ‘ಯಾಕ್ರಿ ಸಾವಕಾರ್ರ, ಇಷ್ಟ ದೊಡ್ಡ ಗಾಡಿ ನಿಂತೈತಿ?’ ಎಂದು ಕೇಳಿ ಹೋಗುತ್ತಿದ್ದ. ಆಗ ನಿಮ್ಮ ಬಿಳಿ ಗಾಡಿ ಬಂತು.

ವಿಜಯ ಏನೂ ಆಗಿಲ್ಲವೆಂಬಂತೆ ‘ವೈನಿ, ಹತ್ರಿ’ ಎಂದ. ನೀನು ಮುಂದಿನ ಸೀಟಿನಲ್ಲಿ ಕುಳಿತು ಎದುರಿನ ದಾರಿ ನೋಡುತ್ತಿದ್ದೆ. ನಾನು ಹಿಂದಿನ ಬಾಗಿಲು ತೆಗೆದೆ. ಅವ್ವ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು, ‘ಬ್ಯಾಡಗಿಯವರೇನ್ರಿ? ಬರ್ರಿ, ಕುಂದ್ರಿ, ಜಾಗಾ ಭಾಳ ಐತಿ’ ಎಂದರು. ಹದಿನೆಂಟು ವರ್ಷ ‘ಏ ನಿರ್ಮಲಾ, ಎಲ್ಲಿ ಹೋಗೀದಿ, ರೊಟ್ಟಿ ಹೊತ್ತಾಕತ್ತಾವು ನೋಡು’ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ ಅವ್ವ. ತಿಂಗಳಿಗೊಮ್ಮೆ ಗಳಗನಾಥದ ತಮ್ಮನಿಗೆ ಕಾಗದ ಬರೆಸುವಾಗ ನನ್ನ ಪಕ್ಕ ಕುಳಿತು, ತಾವು ಗುತ್ತಲದ ಸಾಲೆಯಲ್ಲಿ ಕಲಿತ ಮೂರು ಇಯತ್ತೆಯ ಓದಿನಲ್ಲಿ ಒಂದೊಂದೇ ಅಕ್ಷರ ಬೆರಳಿಟ್ಟು ಓದಿ, ‘ಭಾಳ ಚಂದ ಬರೀತಿ’ ಎನ್ನುತ್ತಿದ್ದ ಅವ್ವ. ನನಗೆ ಬೀಗರಿಗೆ ಕೊಡುವ ಮರ್ಯಾದೆ ಕೊಟ್ಟರು.

ನೀನು ಹಾಡು ಹಚ್ಚಿದ್ದೆ, ಹಿಂದೆ ನಡೆದದ್ದು ನಿನಗೆ ಕೇಳಿಸಿರಲಿಕ್ಕಿಲ್ಲ. ನಾನು ಅವ್ವನ ಕೈ ಹಿಡಿದು, ನಾಲ್ಕು ದಿನ ಬ್ಯಾಡಗಿಗೆ ಬನ್ನಿ ಎಂದು ಕೇಳಿದೆ. ಅವ್ವ ಕೈ ಬಿಡಿಸಿಕೊಳ್ಳಲಿಲ್ಲ. ಮೆಲ್ಲಗೆ ಹೇಳಿದರು, ‘ನಾ ಹ್ಯಾಂಗ ಬರ್ಲಿರಿ? ವಾಟ್ನಿ ಆಗೇತಿ. ನಾ ಈ ಗಾಡಿ ಸಂಗತಿ ಬಂದಾಕಿ, ಗಾಡಿ ಎಲ್ಲಿರತೈತಿ ಅಲ್ಲೇ ನಾ.’ ಹಾಗೆಂದು ಸೀಟಿನ ಮೇಲೆ ಕೈಯಾಡಿಸಿ, ‘ಗಾಡಿ ಛಲೋ ಐತಿ, ಮೊಣಕಾಲಿಗೆ ಹಿತ ಆಗೇತಿ. ನೀವs ಹೇಳಿದ್ರಂತಲ್ಲ’ ಎಂದರು. ಗಳಗನಾಥ ಬರುವವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದೆ. ಜವಳದ ಊಟದಲ್ಲಿ ಏನು ಬಡಿಸಿದರು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಆವತ್ತಿನಿಂದ ನನಗೆ ನಿದ್ದೆಯಿಲ್ಲ, ರುಚಿಯಿಲ್ಲ. ಮನೆಯಲ್ಲಿ ನನ್ನನ್ನು ಬೈಯುವವರಿಲ್ಲ. ಒಗ್ಗರಣೆ ಸೀದರೂ ಯಾರೂ ಕೇಳುವುದಿಲ್ಲ. ನೀನು ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತೀ ಎಂದು ಎಲ್ಲರೂ ಹೇಳುತ್ತಾರೆ, ನನ್ನ ಹೊಟ್ಟೆಯುರಿಯೇ ಅದು. ಕೆಟ್ಟದಾಗಿ ನೋಡಿಕೊಂಡಿದ್ದರೆ ಜಗಳವಾಡಿಯಾದರೂ ಕರೆದುಕೊಂಡು ಬರುತ್ತಿದ್ದೆ.

ಈಗ ಕರಿ ಗಾಡಿ ನಿನ್ನ ಬಾಗಿಲಿಗೆ ಯಾಕೆ ಬಂತು ಎಂಬುದು. ಅದನ್ನು ಪುಣೆಯಿಂದ ತಂದಾಗ ನಿಮ್ಮ ಭಾವ ನನ್ನ ಹೆಸರಿಗೆ ಮಾಡಿಸಿದ್ದರು. ಹೆಂಡತಿಯ ಮೇಲಿನ ಪ್ರೀತಿ ಎಂದು ತಿಳಿಯಬೇಡ, ಅವರಿಗೆ ಯಾವ ಜ್ಯೋತಿಷಿಯೋ ಹೇಳಿದ್ದ. ಹಾವೇರಿಯ ಆರ್‌ಟಿಒ ಆಫೀಸಿನ ಫಾರ್ಮಿಗೆ ನಾನು ಸಹಿ ಮಾಡಿದ್ದೇನೆ, ಗಾಡಿಯ ಕಾಗದಪತ್ರ ಮತ್ತು ಎರಡೂ ಕೀಲಿಕೈ ಯೂಸುಫಸಾಬನ ಹತ್ತಿರ ಇವೆ. ನಿಮ್ಮ ಭಾವ ಗುಂಟೂರಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ. ಬಂದು ಏನು ಮಾಡುತ್ತಾರೋ ಮಾಡಲಿ. ಗಾಡಿ ವಿಜಯನಿಗೆ ಕೊಡು, ಮೊದಲಿನಿಂದ ಅವನು ಆಸೆಪಟ್ಟದ್ದು. ಅವ್ವನನ್ನು ನನಗೆ ಕಳಿಸಿಕೊಡು. ಬಿಳಿ ಗಾಡಿಯಲ್ಲೇ ಕಳಿಸು, ಕರಿಯದರಲ್ಲಿ ಅವರ ಮೊಣಕಾಲು ಮಡಚುವುದಿಲ್ಲ. ಅವ್ವನನ್ನು ಇಳಿಸಿ ಬಿಳಿ ಗಾಡಿಯೂ ನಿಮ್ಮ ಮನೆಗೇ ಹೋಗಲಿ. ಎರಡೂ ನಿಮ್ಮವೇ ಆಗಲಿ.

ಮತ್ತೆ ಗಾಡಿ ಕೊಟ್ಟು ಅವ್ವನನ್ನು ಕೇಳುತ್ತಿದ್ದೇನೆ, ಅದೇ ತಪ್ಪು ಇನ್ನೊಂದು ಸಲ ಮಾಡುತ್ತಿದ್ದೇನೆ ಎಂದು ನನಗೂ ಗೊತ್ತು. ಬೇರೆ ಭಾಷೆ ಈ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಏನು ಮಾಡಲಿ? ನೀನಾದರೂ ಅವ್ವನನ್ನು ಕೇಳು. ಆರಿಸುವ ಹಕ್ಕು ಕಿರಿಯವನಿಗೆ ಎಂದರು, ಅವ್ವನಿಗೆ ಯಾರೂ ಕೊಡಲಿಲ್ಲ. ‘ನಿರ್ಮಲಾ ಕರ್ಯಾಕತ್ತಾಳ’ ಎಂದಷ್ಟೇ ಹೇಳು. ಬರುವುದಿಲ್ಲ ಎಂದರೆ ಒತ್ತಾಯ ಮಾಡಬೇಡ.

ನಿನ್ನ ಉತ್ತರಕ್ಕೆ ಯೂಸುಫಸಾಬ ಕಟ್ಟೆಯ ಮೇಲೆ ಕಾಯುತ್ತಾನೆ. ಅವನಿಗೆ ಚಹಾ ಕೊಡು, ಸಕ್ಕರೆ ಹಾಕಬೇಡ.

ಇಂತಿ ನಿನ್ನ,
ಇನ್ನೂ ಅಕ್ಕ ಎಂದು ಕರೆಸಿಕೊಳ್ಳುವ ಆಸೆಯಿರುವ,
ನಿರ್ಮಲಾ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಒಡೆದು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ತಿಜೋರಿಯಲ್ಲಿ ವಾಟ್ನಿ ಹಾಳೆ ಇದೆ, ತೆಗೆದು ಈ ಪತ್ರದ ಪಕ್ಕ ಇಟ್ಟು ನೋಡು. ಹಾಳೆಯ ತುಂಬ ನಿಮ್ಮ ಭಾವನ ಅಕ್ಷರ. ‘ಬಿಳಿ ಗಾಡಿ’ ಎನ್ನುವವರೆಗೂ ಅವರದೇ. ಅದರ ಮುಂದಿನ ಎರಡು ಶಬ್ದ ನನ್ನವು. ಅವ್ವ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇರಲಿ ಎಂದು ಅವರು ಅಂದಿದ್ದರು. ನಾನೇ ಪೆನ್ನು ಇಸಿದುಕೊಂಡು ಬರೆದೆ. ಹದಿನೆಂಟು ವರ್ಷ ಆ ಕೂಗಿಗೆ ಓಗೊಟ್ಟು ಸಾಕಾಗಿತ್ತು ನೀಲಾ, ಒಂದು ಸಲ ನನ್ನ ಮನೆಯಲ್ಲಿ ನಾನೇ ಹಿರಿಯಳಾಗಬೇಕು ಅನ್ನಿಸಿತು. ಅಡುಗೆಮನೆಯಲ್ಲಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಅದನ್ನು ನಿನ್ನಿಂದ ಮುಚ್ಚಿಡಬಹುದಿತ್ತು, ಅವ್ವನಿಂದ ಆಗಲಿಲ್ಲ. ಆವತ್ತು ಹಾಳೆಗೆ ಸಹಿ ಮಾಡುವ ಮೊದಲು ಅವ್ವ, ತಮ್ಮನ ಕಾಗದ ಓದುತ್ತಿದ್ದ ಹಾಗೆಯೇ ಆ ಎರಡು ಶಬ್ದಗಳ ಮೇಲೆ ಬೆರಳಿಟ್ಟು, ‘ಭಾಳ ಚಂದ ಬರೀತಿ’ ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿ, ಸಹಿ ಮಾಡಿದರು.