ಕೆಮ್ಮುವ ದೆವ್ವ

ಮನೆಯಿಂದ,
ಸೋಮವಾರ, ತಿಂಗಳ ಹನ್ನೊಂದು

ಪ್ರೀತಿಯ ಬಟನ್ನಿಗೆ,

ಹೇಗಿದ್ದೀಯ, ಆರೋಗ್ಯವಾಗಿದ್ದೀಯಾ? ಪತ್ರ ಅಂದ ಮೇಲೆ ಹೀಗೆ ಕೇಳಬೇಕು ಅಂತ ಕೇಳುತ್ತಿಲ್ಲ, ನಿಜವಾಗಿಯೇ ಕೇಳುತ್ತಿದ್ದೇನೆ. ಮುಂದೆ ಓದುವ ಮೊದಲು ಒಂದು ಗಳಿಗೆ ಕೂತು, ಎದೆಯ ಮೇಲೆ ಕೈ ಇಟ್ಟು, ನನಗಲ್ಲ, ನಿನಗೆ ನೀನೇ ಉತ್ತರ ಹೇಳಿಕೋ. ಇಲ್ಲಿ ನಾವು ಇದ್ದೇವೆ. ನಿನ್ನಪ್ಪನ ಮೊಣಕಾಲು ನೋವು ಹಾಗೇ ಇದೆ. ಇಸ್ತ್ರಿ ಮೇಜಿನ ಮುಂದೆ ಕೊಕ್ಕರೆಯ ಹಾಗೆ ಒಂದು ಕಾಲಿನ ಮೇಲೆ ನಿಂತುಕೊಂಡು, ಏನೂ ಆಗಿಲ್ಲ ಅನ್ನುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆಗೆದ ಕೂಡಲೇ ನೀನು “ಅಮ್ಮಾ, ಶುರು ಹಚ್ಕೋಬೇಡ” ಅನ್ನುತ್ತೀಯ. ಆಗ ನನಗೆ ಹೇಳಬೇಕಾದ್ದೆಲ್ಲ ಮರೆತು, ಊಟ ಆಯಿತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಪತ್ರವಾದರೆ ನಡುವೆ ತಡೆಯಲು ನಿನ್ನಿಂದ ಆಗುವುದಿಲ್ಲ. ಬಟ್ಟೆಗೆ ಸಿಕ್ಕಿಸುವ ಚೀಟಿಯಲ್ಲಿ ‘ಕಾಲರ್ ಕೊಳೆ’, ‘ತೋಳು ಹರಿದಿದೆ’ ಎಂದು ಬರೆದು ಅಭ್ಯಾಸವಾದ ಕೈ ಇದು. ಓದು ಅರ್ಧಕ್ಕೇ ನಿಂತದ್ದು ನಿನಗೆ ಗೊತ್ತಿದೆ. ಸಾಲು ಅಂಕುಡೊಂಕಾದರೆ ಸೈರಿಸಿಕೋ.

ಮೊನ್ನೆಯಿಂದ ಒಂದೇ ಕನಸು ಬೀಳುತ್ತಿದೆ. ನಮ್ಮ ಲಾಂಡ್ರಿಯ ದೊಡ್ಡ ಯಂತ್ರ ತಿರುಗುತ್ತಿದೆ. ಅದರ ದುಂಡು ಗಾಜಿನ ಹಿಂದೆ, ಹಾಸಿಗೆಯ ಬಟ್ಟೆಗಳ ನಡುವೆ ನೀನು ಕಾಲು ಮಡಚಿಕೊಂಡು ಕೂತಿದ್ದೀಯ. ಒಂದೊಂದು ಸುತ್ತು ಬಂದಾಗಲೂ ನನ್ನ ಕಡೆ ಮುಖ ಮಾಡಿ ಏನೋ ಹೇಳುತ್ತೀಯ. ಗಾಜು ದಪ್ಪ, ಕೇಳಿಸುವುದಿಲ್ಲ. ನಾನು ನಿಲ್ಲಿಸಲು ಹೋದರೆ, ಬಟ್ಟೆ ಕೊಡಲು ಸರದಿಯಲ್ಲಿ ನಿಂತ ಗಿರಾಕಿಗಳೆಲ್ಲ ಚಪ್ಪಾಳೆ ತಟ್ಟುತ್ತಾರೆ. ಅಷ್ಟಕ್ಕೇ ಎಚ್ಚರವಾಗುತ್ತದೆ. ಎದ್ದು ನೀರು ಕುಡಿದರೆ ನಿನ್ನಪ್ಪ, “ಇವತ್ತು ಯಾವುದು, ಬಾವಿನಾ ಬೆಂಕಿನಾ?” ಅಂತ ಕೇಳಿ ಮಗ್ಗುಲು ಬದಲಿಸುತ್ತಾರೆ. ನನ್ನ ಕನಸಿಗೆ ಈ ಮನೆಯಲ್ಲಿ ಇರುವ ಮರ್ಯಾದೆ ಅಷ್ಟೇ.

ಅವರನ್ನು ದೂರಿ ಪ್ರಯೋಜನವಿಲ್ಲ. ನಿನಗೆ ಬಟನ್ ಅಂತ ಹೆಸರು ಬಿದ್ದ ಕಥೆಯನ್ನು ನಿನ್ನ ದೊಡ್ಡಮ್ಮ ಇಂದಿಗೂ ಸಿಕ್ಕವರಿಗೆಲ್ಲ ಹೇಳುತ್ತಾಳೆ. ಗಿರಾಕಿಯ ಕೋಟಿನ ಬಟನ್ ಕಾಣಲಿಲ್ಲ, ನೀನು ನುಂಗಿದ್ದೀಯ ಅಂತ ನಿನ್ನನ್ನು ತಲೆಕೆಳಗು ಮಾಡಿ ಹಿಡಿದುಕೊಂಡು ಬರಿಗಾಲಲ್ಲಿ ಡಾಕ್ಟರ ಮನೆಗೆ ಓಡಿದೆ. ಅವರು ನನ್ನ ಅಂಗಿಯ ತೋಳಿನ ಮಡಿಕೆಯಿಂದಲೇ ಅದನ್ನು ತೆಗೆದು ಕೈಗಿಟ್ಟರು. ಆಮೇಲೆ ಶಾಲೆಯ ನಾಟಕ. ರಾಜಕುಮಾರಿ ವಿಷ ಕುಡಿದು ಬಿದ್ದಳು, ನಾನು ಬೆಂಚು ದಾಟಿ ವೇದಿಕೆ ಹತ್ತಿದೆ. ನೀನು ಕಣ್ಣು ಮುಚ್ಚಿಕೊಂಡೇ, ತುಟಿ ಅಲುಗಿಸದೆ, “ಅಮ್ಮಾ, ಇದು ನಾಟಕ” ಅಂದೆ. ಹಾಗಂದ ಮೇಲೂ ನಾನು ನಿನ್ನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿಯೇ ಇಳಿದದ್ದು. ವಾರವಿಡೀ ನೀನು ನನ್ನ ಜೊತೆ ಮಾತಾಡಲಿಲ್ಲ. ಇದನ್ನೆಲ್ಲ ಯಾಕೆ ನೆನಪಿಸಿದೆ ಅಂದರೆ, ಈಗ ಬರೆಯುವುದನ್ನು ಓದಿ ನೀನು ಅದೇ ಮಾತು ಹೇಳುತ್ತೀಯ ಅಂತ ಗೊತ್ತು.

ಸಿಟ್ಟಾಗಬೇಡ. ಗುರುವಾರ ನಾನು ನಿನ್ನ ಊರಿಗೆ ಬಂದಿದ್ದೆ. ದೊಡ್ಡಮ್ಮನ ಕಣ್ಣು ತೋರಿಸುವುದಿತ್ತು. ಹಳೆ ಪಟ್ಟಣದ ನೆಲಮಾಳಿಗೆ ತೋರಿಸುವ ಕಡೆ ಕೆಲಸ, ಟಿಕೆಟ್ ಕಿಟಕಿಯಲ್ಲಿ ಕೂರುತ್ತೇನೆ, ಬಿಸಿಲು ಗಾಳಿ ಎಲ್ಲ ಚೆನ್ನಾಗಿ ಬರುತ್ತದೆ ಅಂತ ನೀನು ಹೇಳಿದ್ದೆಯಲ್ಲ, ಕಣ್ಣಾಸ್ಪತ್ರೆ ಮುಗಿಸಿ ಹಾಗೇ ಬಂದು ನಿನ್ನನ್ನು ಬೆರಗುಗೊಳಿಸೋಣ ಅಂದುಕೊಂಡೆವು. ಕಿಟಕಿಯಲ್ಲಿ ಗಡ್ಡದವನೊಬ್ಬ ಕೂತಿದ್ದ. ಒಳಗೆ ಇನ್ನೊಂದು ಕಿಟಕಿ ಇರಬಹುದು, ಅಲ್ಲಿ ಕೂತಿರುತ್ತಾಳೆ ಅಂತ ದೊಡ್ಡಮ್ಮ ತಾನೇ ತೀರ್ಮಾನ ಮಾಡಿ ಎರಡು ಟಿಕೆಟ್ ತೆಗೆದುಕೊಂಡಳು. ದೆವ್ವ ತೋರಿಸುವ ಆಟ ಅಂತ ಫಲಕದ ಮೇಲೆ ಬರೆದಿತ್ತು. ಕಣ್ಣಿಗೆ ಹನಿ ಬಿಡಿಸಿಕೊಂಡು, ಎದುರಿನ ಲಾರಿಯೂ ಮಸುಕಾಗಿ ಕಾಣುತ್ತಿದ್ದವಳು ದೆವ್ವ ನೋಡಲು ಹೊರಟಳು. ನಾನು ಮೆಟ್ಟಿಲಿನ ಬಾಗಿಲಲ್ಲೇ ನಿಂತು ಇಣುಕಿ ನೋಡಿದೆ. ಹೊರಗೆ ಕಣ್ಣು ಕುಕ್ಕುವ ಮಧ್ಯಾಹ್ನ, ಆ ಬಾಗಿಲಿನೊಳಗೆ ಮಸಿ.

ಕರೆದುಕೊಂಡು ಹೋಗುವವನು ಉದ್ದನೆಯ ಕರಿಕೋಟಿನ ಮನುಷ್ಯ, ಕೈಯಲ್ಲಿ ತುದಿಗೆ ಕಬ್ಬಿಣ ಹಾಕಿದ ಕೋಲು. ಕೋಟಿನ ಅಂಚು ಒಂದು ಕಡೆ ಬಿಚ್ಚಿ ನೆಲ ಗುಡಿಸುತ್ತಿತ್ತು. ಇಳಿಯುವ ಮೊದಲು ಅವನು ಎಲ್ಲರಿಗೂ ಒಂದು ಕಟ್ಟಳೆ ಹೇಳಿದ. ಕೆಳಗೆ ಯಾರು ಕಂಡರೂ ಮುಟ್ಟಬಾರದು, ಮಾತಾಡಿಸಬಾರದು, ಮಾತಾಡಿಸಿದರೆ ಅವು ಹಿಂದೆಯೇ ಮನೆಗೆ ಬಂದುಬಿಡುತ್ತವೆ ಅಂತ. ಎಲ್ಲರೂ ನಕ್ಕರು. ದೊಡ್ಡಮ್ಮ ಸುಮ್ಮನಿರುವವಳೇ? “ದೆವ್ವಗಳಿಗೆ ಸಂಬಳ ಕೊಡ್ತೀರೋ, ಊಟ ಹಾಕಿ ಇಟ್ಕೊಂಡಿದ್ದೀರೋ?” ಅಂದಳು. “ಸಂಬಳ ಕೇಳೋರು ಬದುಕಿರೋರು ಮಾತ್ರ ಅಕ್ಕಾ” ಅಂದ ಅವನು. ಅವನು ಕೆಟ್ಟವನಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ. ಮೆಟ್ಟಿಲಿನಲ್ಲಿ ದೊಡ್ಡಮ್ಮನ ಕೈ ಹಿಡಿದು ಇಳಿಸಿದ.

ಕೆಳಗೆ ಒಂದು ಬೀದಿಯೇ ಇದೆಯಲ್ಲೇ. ನೀನು ದಿನಾ ನೋಡುವವಳು, ನಿನಗೆ ಹೇಳಬೇಕಾಗಿಲ್ಲ. ಆದರೂ ನಾನು ಕಂಡದ್ದು ಹೇಳುತ್ತೇನೆ. ನದಿ ಉಕ್ಕುತ್ತದೆ ಅಂತ ಊರಿನವರು ಬೀದಿಯನ್ನೇ ಎತ್ತರಿಸಿ, ಹಳೆ ಮನೆಗಳ ತಲೆಯ ಮೇಲೆ ಹೊಸ ಮನೆ ಕಟ್ಟಿದರಂತೆ. ಅಂಗಡಿಯ ಬಾಗಿಲು, ಕುದುರೆ ಕಟ್ಟುವ ಬಳೆ, ಬ್ರೆಡ್ಡು ಸುಡುವ ಒಲೆ, ಎಲ್ಲ ಹಾಗೇ ಇದೆ, ಆಕಾಶ ಮಾತ್ರ ಇಲ್ಲ. ಎಲ್ಲರೂ ಮೇಲೆ ಕೆಳಗೆ ನೋಡುತ್ತಿದ್ದರು, ನಾನು ಗೋಡೆ ಮುಟ್ಟಿ ನೋಡುತ್ತಿದ್ದೆ. ಹಿಂಡಿದ ಬಟ್ಟೆ ಮುಟ್ಟಿದ ಹಾಗೆ ಬೆರಳು ಒದ್ದೆಯಾಗುತ್ತಿತ್ತು. ಮೂಲೆಯಲ್ಲಿ ಬಿಳಿ ಬೂಷ್ಟು. ಇಲ್ಲಿ ಬಟ್ಟೆ ಒಣಹಾಕಿದರೆ ವಾರಕ್ಕೂ ಒಣಗದು ಅಂತ ನನಗೆ ಮೊದಲು ಹೊಳೆದದ್ದು. ಇಲ್ಲಿ ಕೆಲಸ ಮಾಡುವವರ ಗತಿ ಏನು ಅಂತ ಎರಡನೆಯದು. ನೀನು ಆಗ ನೆನಪಾಗಲಿಲ್ಲ ಅಂದರೆ ನಂಬು. ನೀನು ಮೇಲೆ ಬಿಸಿಲಿನಲ್ಲಿ ಎಲ್ಲೋ ಕೂತಿದ್ದೀಯ ಅಂದುಕೊಂಡಿದ್ದೆ.

ಕೊನೆಯ ಕೋಣೆಯ ಮುಂದೆ ಅವನು ನಮ್ಮನ್ನೆಲ್ಲ ನಿಲ್ಲಿಸಿ, ಜ್ವರ ಬಂತು ಅಂತ ಯಜಮಾನರು ಒಳಗೆ ಕೂಡಿ ಬೀಗ ಹಾಕಿಕೊಂಡು ಹೋದ ಕೆಲಸದ ಹುಡುಗಿಯ ಕಥೆ ಹೇಳಿದ. ಹೇಳಿ ಮುಗಿಸಿ ಕೋಲು ಕುಟ್ಟಿದ. ಕತ್ತಲಲ್ಲಿ ಕೆಮ್ಮು ಕೇಳಿಸಿತು. ಸರಳಿನ ಹಿಂದೆ ಲಾಟೀನು ಹಿಡಿದು, ಮುಖಕ್ಕೆ ಸುಣ್ಣದಂಥ ಬಿಳಿ ಮೆತ್ತಿಕೊಂಡ ಒಬ್ಬಳು ಬಂದಳು. ಬಾಯಿಗೆ ಕರವಸ್ತ್ರ ಒತ್ತಿಕೊಂಡಳು, ಅದು ಕೆಂಪಾಯಿತು, ಹೆಂಗಸರು ಹಾ ಅಂದರು, ಯಾರೋ ಚಪ್ಪಾಳೆ ತಟ್ಟಿದರು. ಎಡ ಹುಬ್ಬಿನ ಮೇಲಿನ ಗಾಯದ ಗುರುತನ್ನು ಎಷ್ಟು ಬಿಳಿ ಹಚ್ಚಿದರೂ ಮುಚ್ಚಲಾಗುವುದಿಲ್ಲ, ಬಟನ್. ನೀನು ನನ್ನ ಕಡೆಯೇ ನೋಡಿದೆ. ಲಾಟೀನಿನ ಬೆಳಕು ನಿನ್ನ ಕಣ್ಣಿಗೇ ಹೊಡೆಯುತ್ತಿತ್ತು, ನಿನಗೆ ನಾನು ಕಾಣಲಿಲ್ಲ.

ನನ್ನ ಕಾಲು ಮುಂದೆ ಹೋಗಿತ್ತು. ಸರಳು ಹಿಡಿದಿದ್ದೆ. ಅಷ್ಟರಲ್ಲಿ ನೀನು ಮತ್ತೆ ಕೆಮ್ಮಿದೆ, ನಾನು ನಿಂತೆ. ಯಾಕೆ ಗೊತ್ತಾ? ನಿನ್ನ ಕೆಮ್ಮು ನನಗೆ ಗೊತ್ತು. ನಿಜವಾದ ಕೆಮ್ಮಾದರೆ ಕೊನೆಯಲ್ಲಿ ಗಂಟಲೊಳಗೆ ಒಂದು ಸಣ್ಣ ‘ಹ್ಞೂಂ’ ಇರುತ್ತದೆ, ಯಾರನ್ನೋ ಕ್ಷಮೆ ಕೇಳಿದ ಹಾಗೆ. ಶಾಲೆ ತಪ್ಪಿಸಲು ಕೆಮ್ಮುತ್ತಿದ್ದಾಗ ಆ ಹ್ಞೂಂ ಇರುತ್ತಿರಲಿಲ್ಲ. ಅದರಿಂದಲೇ ನಾನು ನಿನ್ನನ್ನು ಹಿಡಿದು ಚೀಲ ಹೆಗಲಿಗೇರಿಸಿ ಕಳಿಸುತ್ತಿದ್ದೆ. ಅಲ್ಲಿ ಹ್ಞೂಂ ಇರಲಿಲ್ಲ. ಸದ್ಯ, ನಾಟಕ ಅಂದುಕೊಂಡೆ. ಬೆಂಚು ದಾಟಿದ ಹುಚ್ಚಿಯಾಗಬಾರದು ಇನ್ನೊಮ್ಮೆ, ಮಗಳ ಅನ್ನದ ಕೆಲಸ ಇದು, ಅಂತ ಸರಳು ಬಿಟ್ಟೆ. ನೀನು ಕರವಸ್ತ್ರ ಹೊರಗೆಸೆದೆ. ಅದು ದೊಡ್ಡಮ್ಮನ ಪಾದದ ಮೇಲೇ ಬಿತ್ತು. ಸಿಕ್ಕವರಿಗೆ ಅದು ಕಾಣಿಕೆಯಂತೆ. ಏನೂ ಕಾಣದವಳು ಅದನ್ನು ಮಾತ್ರ ಹದ್ದಿನ ಹಾಗೆ ಎತ್ತಿಕೊಂಡಳು. ಎಲ್ಲರೂ ಮೂಲೆ ತಿರುಗಿದರು. ನಾನು ಕೊನೆಯವಳು. ದೀಪ ಆರಿತ್ತು, ಅಲ್ಲಿ ನೋಡುವವರು ಯಾರೂ ಇರಲಿಲ್ಲ, ಕೋಲು ಕುಟ್ಟುವವನೂ ಇರಲಿಲ್ಲ. ಆಗ ಹಿಂದಿನಿಂದ ಇನ್ನೊಂದು ಕೆಮ್ಮು ಕೇಳಿಸಿತು. ಬಹಳ ಹೊತ್ತು. ಕೊನೆಯಲ್ಲಿ ಹ್ಞೂಂ.

ಆಟ ಮುಗಿದ ಮೇಲೆ ನೀನು ಯಾರಿಗೋಸ್ಕರ ಕೆಮ್ಮಿದೆ?

ಮೇಲೆ ಬಂದಾಗ ಬಿಸಿಲಿಗೆ ತಲೆ ತಿರುಗಿತು. ಟೀ ಕುಡಿಯುತ್ತಾ ದೊಡ್ಡಮ್ಮ ಆ ಕೋಟಿನವನನ್ನು ಮಾತಿಗೆಳೆದಳು. ನಾನು ಲೋಟ ಹಿಡಿದುಕೊಂಡು ಕೇಳುತ್ತಿದ್ದೆ, ಅಷ್ಟೆ. ಮೊದಲು ಆ ದೆವ್ವಕ್ಕೆ ಕೆಮ್ಮೇ ಇರಲಿಲ್ಲವಂತೆ, ಸುಮ್ಮನೆ ದೀಪ ಹಿಡಿದು ನಿಲ್ಲಬೇಕಿತ್ತಂತೆ. ಚಳಿಗಾಲದಲ್ಲಿ ಒಂದು ದಿನ ನಡುವೆಯೇ ಹುಡುಗಿಗೆ ಕೆಮ್ಮು ಬಂತಂತೆ. ಆಟ ಕೆಟ್ಟಿತು ಅಂತ ಇವನು ಗಾಬರಿಯಾಗಿ, ಅಲ್ಲೇ ನಿಂತು ಜ್ವರದ ಕಥೆ ಕಟ್ಟಿ ಹೇಳಿದನಂತೆ. ಬಂದವರಿಗೆ ಮೈ ನಡುಗಿ, ನಾಲ್ಕು ಜನಕ್ಕೆ ಹೇಳಿ, ಅವತ್ತಿನಿಂದ ಕೆಮ್ಮು ಕಾಯಂ ಆಯಿತಂತೆ. ಕರವಸ್ತ್ರ ಆಮೇಲೆ ಬಂದದ್ದು, ಮಿಠಾಯಿಗೆ ಹಾಕುವ ಕೆಂಪು ಬಣ್ಣವಂತೆ, ಕತ್ತಲಲ್ಲೇ ಸೀಸೆಯಿಂದ ಅದ್ದಿಕೊಳ್ಳುತ್ತಾಳಂತೆ. ಅವನು ಹೆಮ್ಮೆಯಿಂದಲೇ ಹೇಳಿದ. “ಮೊದಲೆಲ್ಲ ನಾನು ಕೋಲು ಕುಟ್ಟಿದ್ರೆ ಕೆಮ್ತಿದ್ಲು. ಈಗ ಎಷ್ಟೋ ಸಲ ಕುಟ್ಟೋಕೆ ಮುಂಚೇನೇ ಶುರು ಮಾಡ್ತಾಳೆ. ಅಷ್ಟು ಮುಳುಗಿಬಿಟ್ಟಿದ್ದಾಳೆ ಪಾತ್ರದಲ್ಲಿ.” ದೊಡ್ಡಮ್ಮ, “ಮನೆಯಲ್ಲೂ ಹಾಗೇ ಕೆಮ್ಮಿದ್ರೆ ಅವರಮ್ಮ ಓಡಿಬರ್ತಾಳೆ” ಅಂದು ನಕ್ಕಳು. ಅವಳಿಗೆ ಅದು ನೀನೇ ಅಂತ ಈಗಲೂ ಗೊತ್ತಿಲ್ಲ. ನಾನು ಹೇಳಿಲ್ಲ. ನಿನ್ನಪ್ಪನಿಗೂ ಹೇಳಿಲ್ಲ.

ನೀನು ಯಾಕೆ ಟಿಕೆಟ್ ಕಿಟಕಿ ಅಂತ ಸುಳ್ಳು ಹೇಳಿದೆ ಅಂತ ಕೇಳುವುದಿಲ್ಲ. ನಿಜ ಹೇಳಿದ್ದರೆ ನಾನು ದಿನಕ್ಕೆ ಹತ್ತು ಸಲ ಫೋನು ಮಾಡುತ್ತಿದ್ದೆ. ದೆವ್ವದ ವೇಷ ಹಾಕಿದ್ದಕ್ಕೆ ನನಗೆ ನಾಚಿಕೆ ಇಲ್ಲ, ನೀನು ಚೆನ್ನಾಗಿ ಮಾಡುತ್ತೀಯ, ನನ್ನ ಪಕ್ಕದ ಗಂಡಸು ಹೆಂಡತಿಯ ಬೆನ್ನ ಹಿಂದೆ ಅವಿತುಕೊಂಡ. ಆದರೆ ಎಲ್ಲರೂ ಮೆಚ್ಚುತ್ತಾರೆ ಅಂತ ನಿನಗೂ ಅದು ವೇಷದ ಕೆಮ್ಮೇ ಅನ್ನಿಸಿಬಿಟ್ಟಿದೆಯೇನೋ ಅಂತ ನನ್ನ ದಿಗಿಲು. ಚಳಿಗಾಲದಲ್ಲಿ ಬಂದ ಮೊದಲ ಕೆಮ್ಮನ್ನು ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ. ಅದು ಹೋಯಿತಾ, ಇಲ್ಲಾ ಇದರೊಳಗೇ ಸೇರಿಕೊಂಡು ಕೂತಿದೆಯಾ? ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಕೋಟಿನವನ ಕಟ್ಟಳೆಯೇ ತಲೆಯಲ್ಲಿ ಸುತ್ತುತ್ತಿತ್ತು. ಮಾತಾಡಿಸಿದರೆ ಹಿಂದೆಯೇ ಮನೆಗೆ ಬರುತ್ತವೆ. ಮಾತಾಡಿಸಿಬಿಡಬೇಕಿತ್ತು ನಾನು.

ಡಾಕ್ಟರ ಹತ್ತಿರ ಹೋಗು. ಧೂಳಿನದು, ತಂಡಿಯದು, ಬದಲಾದ ಹವೆಯದು ಅಂತ ನೀನೇ ಹೇಳಿ ಔಷಧಿ ಕೇಳಬೇಡ. ದಿನಾ ಎಲ್ಲಿ ನಿಲ್ಲುತ್ತೀಯ, ಎಷ್ಟು ದಿನದಿಂದ ಅಂತ ಹೇಳು, ಉಳಿದದ್ದು ಅವರೇ ಹೇಳಲಿ. ಬಟನ್ ನನ್ನ ತೋಳಿನಲ್ಲೇ ಸಿಕ್ಕಿದ ಹಾಗೆ ಇದೂ ಏನೂ ಇಲ್ಲ ಅಂತಾದರೆ, ದೊಡ್ಡಮ್ಮ ಇನ್ನೊಂದು ಕಥೆ ಹೇಳಿ ನಗಲಿ, ನಾನೂ ಕೂತು ನಗುತ್ತೇನೆ. ಇಲ್ಲಿ ಲಾಂಡ್ರಿಗೆ ಹೋಟೆಲಿನವರ ಹಾಸಿಗೆ ಬಟ್ಟೆ ಹೊಸದಾಗಿ ಬರುತ್ತಿದೆ, ಇಬ್ಬರಿಗೆ ಕೈ ಸಾಲದು. ನೀನು ಬಂದೇ ತೀರಬೇಕು ಅಂತ ಬರೆದದ್ದಲ್ಲ, ಸುದ್ದಿಗೆ ಬರೆದೆ. ಉಣ್ಣೆಯದೊಂದು ಒಳಅಂಗಿ ಕಳಿಸುತ್ತಿದ್ದೇನೆ. ವೇಷದೊಳಗೆ ಹಾಕಿಕೊಂಡರೆ ಕಾಣುವುದಿಲ್ಲ, ನಿನ್ನ ದೆವ್ವ ಸ್ವಲ್ಪ ದಪ್ಪಗಾಯಿತು ಅಂತ ಯಾರೂ ದೂರುವುದಿಲ್ಲ. ನಿನ್ನನ್ನು ಕೇಳಿದೆ ಅಂತ ತಿಳಿಸು ಅಂದರು ನಿನ್ನಪ್ಪ, ನಾನು ಯಾರಿಗೆ ಬರೆಯುತ್ತಿದ್ದೇನೆ ಅಂತ ಕೇಳಲಿಲ್ಲ, ಮುಖ ನೋಡಿಯೇ ಗೊತ್ತಾಗಿರಬೇಕು. ನಿನ್ನ ತಲೆಯ ಮೇಲೆ ಯಾವಾಗಲೂ ಆಕಾಶ ಇರಲಿ, ಬಿಸಿಲಿರಲಿ, ನನ್ನ ಕೈ ಇರಲಿ.

ನಿನ್ನ
ಅಮ್ಮ

ಹೇಳುವುದೊಂದು ಉಳಿಯಿತು. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಮೇಲೆ ಬರೆಯಲು ಕೈ ಬರಲಿಲ್ಲ. ಟಪಾಲಿನವನು ಬರುವ ಹೊತ್ತು, ಬೇಗ ಬರೆಯುತ್ತೇನೆ. ದೊಡ್ಡಮ್ಮ ಆ ಕರವಸ್ತ್ರವನ್ನು ಬಣ್ಣ ಹೋಗದ ಹಾಗೆ ಕೊಳೆ ಮಾತ್ರ ತೆಗೆದು ಕೊಡು ಅಂತ ನನಗೆ ಕೊಟ್ಟಿದ್ದಳು. ತಣ್ಣೀರಿಗೆ ಹಾಕಿದೆ. ಅಂಚಿನ ದೊಡ್ಡ ಕಲೆಗಳು ನೀರು ತಾಗಿದ ಕೂಡಲೇ ಗುಲಾಬಿಯಾಗಿ ಬಿಟ್ಟುಕೊಂಡವು, ಮಿಠಾಯಿ ಬಣ್ಣವೇ ಸರಿ. ಮಡಿಕೆಯ ಒಳಗೆ ಉಗುರಿನಷ್ಟು ಒಂದು ಕಲೆ ಇತ್ತು. ಅದು ಬಿಡಲಿಲ್ಲ. ಅದು ಕೆಂಪಾಗಿಯೂ ಇರಲಿಲ್ಲ, ಒಣಗಿ ಕಂದಾಗಿತ್ತು. ಬಣ್ಣ ಒಣಗಿದರೂ ಕೆಂಪೇ ಇರುತ್ತದೆ. ಲಾಟೀನಿನ ಹಿಡಿಯ ತುಕ್ಕೂ ಆಗಿರಬಹುದು, ಆಗಿರಲಿ ಅಂತಲೇ ಬೇಡಿಕೊಳ್ಳುತ್ತಿದ್ದೇನೆ. ಮತ್ತೆ ಉಜ್ಜಲು ಧೈರ್ಯ ಬರದೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ನೀನು ಕತ್ತಲಲ್ಲಿ ಬಣ್ಣ ಅದ್ದುವವಳು, ಯಾವುದು ಸೀಸೆಯದು ಯಾವುದು ನಿನ್ನದು ಅಂತ ನಿನಗೂ ಗೊತ್ತಾಗುವುದಿಲ್ಲ. ಇದನ್ನು ಓದಿದ ಮಾರನೇ ದಿನ ಬೆಳಿಗ್ಗೆ, ಕೆಳಗಿಳಿಯುವ ಮೊದಲು, ಆ ಸೀಸೆ ಮುಟ್ಟುವ ಮೊದಲು, ಒಗೆದ ಬಿಳಿ ಬಟ್ಟೆಯೊಂದಕ್ಕೆ ಕೆಮ್ಮಿ, ಕಿಟಕಿಯ ಬೆಳಕಿಗೆ ಹಿಡಿದು ನೋಡು. ಆಗಲೇ ನೋಡಿದ್ದೇನೆ ಅಮ್ಮಾ ಅನ್ನಬೇಡ. ಇನ್ನೊಮ್ಮೆ ನೋಡು.