ನೋಡಿ ಬಾ, ಮುಟ್ಟಬೇಡ

ವ್ಯಾಪಾರದಲ್ಲಿ ಪೈಪೋಟಿ ಸಾಯದಂತೆ ಕಾಯುವ ಕಚೇರಿಯ ಮಾನ್ಯರೇ,

ಈ ಊರಿನ ನಾಲ್ಕು ಲಿಫ್ಟ್ ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡಿವೆ, ಅದರಿಂದ ಒಂದು ಕಟ್ಟಡದ ಲಿಫ್ಟ್ ನಿಂತಿದೆ, ನನ್ನ ಕೆಲಸವೂ ಹೋಗಿದೆ ಎಂದು ನಾನು ನಿಮಗೆ ದೂರು ಕೊಟ್ಟಿದ್ದೆ. ಉತ್ತರ ಬಂತು. "ಸದರಿ ಒಪ್ಪಂದದ ಪ್ರತಿಯನ್ನು ಲಗತ್ತಿಸದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ." ಓದಿದೆ, ಮಡಚಿ ಜೇಬಿಗೆ ಹಾಕಿಕೊಂಡೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಜೋಮು ಹಿಡಿದ ಕಾಲನ್ನು ಗಿಲ್ಲಿಕೊಂಡ ಹಾಗಾಯಿತು. ಅದಕ್ಕೇ ಈ ಸಲ ಎಲ್ಲರೂ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಪ್ರತಿ ಎಲ್ಲಿಂದ ತರಲಿ ಮಾನ್ಯರೇ? ನಾಲ್ವರು ಮಾಲೀಕರು ಕಾಫಿ ಕುಡಿಯುತ್ತಾ ಆಡಿಕೊಂಡ ಮಾತು ಅದು. ಆ ಲೋಟಗಳನ್ನು ಯಾವತ್ತೋ ತೊಳೆದಾಯಿತು. ನಿಮ್ಮ ಕಚೇರಿಯಲ್ಲಿ ದೂರುದಾರರು ಕಾಯುವ ಬೆಂಚಿನ ಎದುರಿಗೆ ಒಂದು ಬೋರ್ಡಿದೆ. ಎಲ್ಲರೂ ಸೇರಿ ದರ ಕಟ್ಟುವುದು, ಗಿರಾಕಿಗಳನ್ನು ಹಂಚಿಕೊಳ್ಳುವುದು, ಒಬ್ಬರ ಕೆಲಸಗಾರರನ್ನು ಇನ್ನೊಬ್ಬರು ತೆಗೆದುಕೊಳ್ಳಬಾರದೆಂದು ಮಾತಾಡಿಕೊಳ್ಳುವುದು ಕಾನೂನಿಗೆ ವಿರುದ್ಧ, ಅದು ಬರೀ ಬಾಯಿಮಾತಾದರೂ ಒಪ್ಪಂದವೇ ಎಂದು ಅದರಲ್ಲಿ ಬರೆದಿದೆ. ನಾನು ಓದಿದ್ದು ಹತ್ತನೇ ಕ್ಲಾಸು, ಆದರೂ ಅರ್ಥವಾಯಿತು. ಮಧ್ಯಾಹ್ನದವರೆಗೂ ಬೇರೇನೂ ಕೆಲಸವಿಲ್ಲದೆ ಅದನ್ನೇ ಓದಿದ್ದೆ. ಬೋರ್ಡು ನಿಮ್ಮ ಕುರ್ಚಿಗೆ ಬೆನ್ನು ಮಾಡಿಕೊಂಡಿದೆ, ಅದೊಂದೇ ತೊಂದರೆ ಇರಬಹುದು.

ಒಪ್ಪಂದ ಏನೆಂದು ಇನ್ನೊಮ್ಮೆ ಹೇಳುತ್ತೇನೆ. ಒಂದು ಕಟ್ಟಡಕ್ಕೆ ಯಾರು ಲಿಫ್ಟ್ ಕೂರಿಸಿದರೋ ಆ ಕಟ್ಟಡ ಕೊನೆಯವರೆಗೂ ಅವರದು. ಅಲ್ಲಿಯವರು ದರ ಜಾಸ್ತಿಯಾಯಿತೆಂದು ಬೇರೆ ಕಂಪನಿಯನ್ನು ಕರೆದರೆ, ಬೇರೆಯವರು ಹೋಗಬೇಕು, ನೋಡಬೇಕು, ಮೊದಲಿನವರಿಗಿಂತ ಹೆಚ್ಚು ದರ ಬರೆದು ಕಳಿಸಬೇಕು. ನಮ್ಮ ಕಸುಬಿನಲ್ಲಿ ಇದಕ್ಕೆ ಮರ್ಯಾದೆ ಕೊಟೇಶನ್ ಅನ್ನುತ್ತಾರೆ. ಯಾರಿಗೆ ಮರ್ಯಾದೆ ಎಂದು ಕೇಳಬೇಡಿ. ಹಾಗೆ ನೋಡಲು ಹೋಗುವುದು ನನ್ನಂಥ ಮೆಕ್ಯಾನಿಕ್‌ಗಳು. ಕಳಿಸುವಾಗ ನನ್ನ ಮಾಲೀಕರು "ನೋಡಿ ಬಾ, ಮುಟ್ಟಬೇಡ" ಅನ್ನುತ್ತಿದ್ದರು, ಮಗುವನ್ನು ಗಾಜಿನ ಅಂಗಡಿಗೆ ಕರೆದೊಯ್ಯುವ ತಾಯಿಯ ಹಾಗೆ. ನಾವು ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತು, ತಲೆ ಆಡಿಸಿ ಬರುತ್ತಿದ್ದೆವು.

ನಾನು ಒಂದು ಕಡೆ ನಿಲ್ಲುವವನಲ್ಲ. ಬೇಕರಿ ಬಿಟ್ಟೆ, ಸೈಕಲ್ ಶಾಪು ಬಿಟ್ಟೆ, ಪ್ರಿಂಟಿಂಗ್ ಪ್ರೆಸ್ಸು ಬಿಟ್ಟೆ. ಇವನ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ ಅನ್ನುವುದು ಅಕ್ಕನ ದೂರು. ಲಿಫ್ಟಿನ ಕೆಲಸದಲ್ಲಿ ಮಾತ್ರ ನಿಂತೆ. ದಿನಕ್ಕೊಂದು ಕಟ್ಟಡ, ಹತ್ತುವುದು, ಇಳಿಯುವುದು. ಓಡಾಡುವವನಿಗೆ ಓಡಾಟವೇ ಕೆಲಸವಾದರೆ ಇನ್ನೇನು ಬೇಕು?

ಹಾಗೊಂದು ದಿನ ಬೇರೆ ಕಂಪನಿಯ ಕಟ್ಟಡಕ್ಕೆ ನೋಡಲು ಹೋದೆ. ಐದನೇ ಮಹಡಿಯಲ್ಲಿ ಒಬ್ಬ ಟೈಲರಮ್ಮ ಇದ್ದಾರೆ. ಚಿಕ್ಕಂದಿನಿಂದ ಒಂದು ಕಾಲು ಸ್ವಾಧೀನದಲ್ಲಿಲ್ಲ. ಲಿಫ್ಟ್ ನಿಂತ ಮೇಲೆ ಅವರು ಕೆಳಗೆ ಇಳಿದೇ ಇರಲಿಲ್ಲ. ಬಾಲ್ಕನಿಯಿಂದ ಹಗ್ಗ ಕಟ್ಟಿ ಬ್ಯಾಗು ಇಳಿಬಿಟ್ಟು ಹೊಲಿಗೆಯ ಬಟ್ಟೆ ಮೇಲೆಳೆದುಕೊಳ್ಳುತ್ತಿದ್ದರು. ಗಿರಾಕಿಗಳು ಒಬ್ಬೊಬ್ಬರೇ ಕಡಿಮೆಯಾಗಿದ್ದರು. "ಬ್ಯಾಗಲ್ಲಿ ಬಟ್ಟೆ ಬರುತ್ತೆ ತಮ್ಮಾ, ಅಳತೆ ಬರಲ್ವಲ್ಲ" ಎಂದರು. ನಾನು ಎಂದಿನಂತೆ ಲಿಫ್ಟಿನ ಬಾಗಿಲ ಮುಂದೆ ನಿಂತಿದ್ದೆ. ಅವರು ತಮ್ಮ ಮನೆ ಬಾಗಿಲಿನ ಚೌಕಟ್ಟಿಗೆ ಒರಗಿ ನನ್ನನ್ನೇ ನೋಡುತ್ತಿದ್ದರು.

"ನಿಮಗಿಂತ ಮುಂಚೆ ಬಂದೋರೂ ಹಿಂಗೇ ಜೇಬಲ್ಲಿ ಕೈ ಇಟ್ಕೊಂಡು ನಿಂತಿದ್ರು. ನಿಮ್ಮ ಕಸುಬಲ್ಲಿ ಚಳಿ ಜಾಸ್ತಿನಾ?"

ಕೈ ಹೊರಗೆ ತೆಗೆದೆ. ಕಟ್ಟಡದ ಕಾರ್ಯದರ್ಶಿಯನ್ನು ಕೇಳಿದೆ, ಅವರು ಸಂತೋಷದಿಂದ ಮಷಿನ್ ರೂಮಿನ ಕೀಲಿ ಕೊಟ್ಟರು. ಮೇನ್ ಆಫ್ ಮಾಡಿ ಬಾಗಿಲಿನ ಬೀಗ ಬಿಚ್ಚಿದರೆ, ಒಳಗಿನ ಕಾಂಟ್ಯಾಕ್ಟಿಗೆ ಹೊಲಿಗೆ ದಾರದ ಎಳೆಗಳು ಸುತ್ತಿಕೊಂಡಿದ್ದವು. ಬಾಗಿಲು ಮುಚ್ಚಿದೆ ಎಂದು ಲಿಫ್ಟಿಗೆ ತಿಳಿಯುತ್ತಿರಲಿಲ್ಲ, ಹಾಗಾಗಿ ಅದು ಕದಲುತ್ತಿರಲಿಲ್ಲ. ಬಿಡಿಸಿ, ಒರೆಸಿ, ಮೇಲೆ ಕೆಳಗೆ ಓಡಿಸಿ ನೋಡಿದೆ. ಕೈ ಹಾಕಿದ್ದರೆ ನಮ್ಮ ಕಸುಬಿನ ಯಾರೇ ಆಗಲಿ ಮಾಡುತ್ತಿದ್ದ ಕೆಲಸ. ಇಡೀ ಯಂತ್ರವನ್ನೇ ಬದಲಿಸಬೇಕೆಂದು ಆ ಕಟ್ಟಡದವರಿಗೆ ಹೇಳಲಾಗಿತ್ತು.

ಟೈಲರಮ್ಮ ಕೆಳಗಿಳಿದರು. ಎಲ್ಲಿಗೂ ಹೋಗಲಿಲ್ಲ. ಗೇಟಿನ ಹತ್ತಿರ ನಿಂತು ರಸ್ತೆ ನೋಡಿದರು, ವಾಪಸ್ ಬಂದರು.

ಮರುದಿನ ನನ್ನ ಮಾಲೀಕರು ಕರೆದರು. "ಮುಟ್ಟು ಅಂದಿದ್ನೇನೋ ನಾನು? ನಾಳೆ ಅವ್ರು ನಮ್ಮ ಕಟ್ಟಡಕ್ಕೆ ಕೈ ಹಾಕಿದ್ರೆ ನನ್ನ ಸಂಸಾರ ನೀನು ನೋಡ್ಕೋತೀಯಾ?" ಕೆಟ್ಟ ಮನುಷ್ಯರಲ್ಲ, ಹೆದರಿದ್ದರು. ಅಂದೇ ನನ್ನನ್ನು ಕೆಲಸದಿಂದ ಬಿಡಿಸಿದರು. ಉಳಿದ ಮೂರು ಕಂಪನಿಗಳಿಗೂ ಹೋಗಿ ಕೆಲಸ ಕೇಳಿದೆ. ಇಬ್ಬರು ಒಳಗೇ ಬಿಡಲಿಲ್ಲ. ಮೂರನೆಯವರು ಕೂರಿಸಿ, ನೀರು ಕೊಟ್ಟು ಹೇಳಿದರು: "ನಿನ್ನ ಕೈ ಚೆನ್ನಾಗಿದೆ ಕಣಪ್ಪಾ. ಆದ್ರೆ ಒಬ್ರ ಹುಡುಗನ್ನ ಇನ್ನೊಬ್ರು ಇಟ್ಕೊಳ್ಳಲ್ಲ ಅಂತ ನಮ್ಮಲ್ಲಿ ಮಾತಾಗಿದೆ." ನೀವು ಕೇಳಿದ ಒಪ್ಪಂದ ಇದೇ ಮಾನ್ಯರೇ. ಇದನ್ನು ಹೇಗೆ ಲಗತ್ತಿಸಲಿ, ಪಿನ್ನು ಹೊಡೆದೋ ಅಂಟು ಹಚ್ಚಿಯೋ?

ಅದೇ ವಾರ ಲಿಫ್ಟ್ ಕೂರಿಸಿದ ಕಂಪನಿಯವರು ಬಂದು, ಹೊರಗಿನವರ ಕೈ ಬಿದ್ದಿದೆ, ಇನ್ನು ನಾವು ಜವಾಬ್ದಾರರಲ್ಲ ಎಂದು ಮಷಿನ್ ರೂಮಿಗೆ ತಮ್ಮ ಬೀಗ ಜಡಿದು ಹೋದರು. ಬಾಲ್ಕನಿಯಿಂದ ಮತ್ತೆ ಬ್ಯಾಗು ಇಳಿಯುತ್ತಿದೆ. ನಾನು ಮೆಟ್ಟಿಲು ಹತ್ತಿ ಹೋಗಿ ಟೈಲರಮ್ಮನಿಗೆ ವಿಷಯ ತಿಳಿಸಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು, ತಲೆ ಎತ್ತಲಿಲ್ಲ. "ನಾನು ಚಳಿ ವಿಷಯ ಎತ್ತಬಾರದಿತ್ತು ತಮ್ಮಾ. ಒಂದ್ಸಲ ರಸ್ತೆ ನೋಡಿ ಬಂದ ಮೇಲೆ ಮನೆ ಇನ್ನೂ ಚಿಕ್ಕದಾಗಿದೆ" ಎಂದರು. ಅದಕ್ಕೂ ನನಗೆ ಅಳು ಬರಲಿಲ್ಲ. ಈಗ ಬೆಳಿಗ್ಗೆ ಏಳುತ್ತೇನೆ, ಅಕ್ಕ ಕೊಟ್ಟಿದ್ದು ತಿನ್ನುತ್ತೇನೆ, ಸುಮ್ಮನೆ ಕೂತಿರುತ್ತೇನೆ. ಇವನೊಂದು ಕಡೆ ಕೂತರೆ ಸಾಕೆಂದು ಹಾರೈಸುತ್ತಿದ್ದ ಅಕ್ಕನೇ ಹೊರಗೆ ಹೋಗಿ ಬಾ ಅನ್ನುತ್ತಿದ್ದಾಳೆ.

ನನ್ನ ಬೇಡಿಕೆ ದೊಡ್ಡದಲ್ಲ. ನಾನು ದೂರು ಕೊಡಲು ಬಂದ ದಿನ ನಿಮ್ಮ ಕಚೇರಿಯ ಲಿಫ್ಟಿಗೂ "ಕೆಟ್ಟಿದೆ, ಮೆಟ್ಟಿಲು ಬಳಸಿ" ಎಂಬ ಹಲಗೆ ನೇತಾಡುತ್ತಿತ್ತು. ಬಾಗಿಲ ಮೇಲಿನ ಹೆಸರು ಆ ಬೀಗ ಜಡಿದ ಕಂಪನಿಯದೇ. ದಯವಿಟ್ಟು ಉಳಿದ ಮೂವರನ್ನೂ ಕೊಟೇಶನ್‌ಗೆ ಕರೆಯಿರಿ. ಅವರು ಬಂದಾಗ ಕುರ್ಚಿ ಬಿಟ್ಟು ಎದ್ದು, ಲಿಫ್ಟಿನ ಪಕ್ಕ ನಿಂತು, ಅವರ ಕೈಗಳನ್ನು ನೋಡಿ. ಒಬ್ಬರಾದರೂ ಬೀಗ ಬಿಚ್ಚಿ ನೋಡಿದರೆ ನನ್ನ ದೂರು ಸುಳ್ಳು, ಹರಿದು ಹಾಕಿ. ಮೂರೂ ಜನ ಕೈ ಜೇಬಿನಲ್ಲೇ ಇಟ್ಟುಕೊಂಡು ತಲೆ ಆಡಿಸಿ ಹೋದರೆ, ನೀವು ಕೇಳಿದ ಪ್ರತಿ ನಿಮ್ಮ ಕಣ್ಣೆದುರಿಗೇ ಬಂದು ಹೋಯಿತೆಂದು ತಿಳಿಯಿರಿ. ಆಮೇಲೆ ಟೈಲರಮ್ಮನ ಕಟ್ಟಡದ ಬೀಗ ತೆಗೆಸಿ. ಅಷ್ಟರವರೆಗೆ ನೀವೂ ಮೆಟ್ಟಿಲು ಹತ್ತುತ್ತಿರಿ. ನಿಮಗೆ ಎರಡೂ ಕಾಲು ನೆಟ್ಟಗಿವೆ.

ಇಂತಿ,
ಮುಟ್ಟಬಾರದ್ದನ್ನು ಮುಟ್ಟಿ, ಈಗ ಬೇಸಿಗೆಯಲ್ಲೂ ಜೇಬಿನಲ್ಲಿ ಕೈ ಇಟ್ಟುಕೊಂಡಿರುವ
ಒಬ್ಬ ಲಿಫ್ಟ್ ಮೆಕ್ಯಾನಿಕ್